ಯಾರ ಪೈಕಿ ಎಂದು ಕೇಳುತ್ತಿದ್ದವರು

ಅವರು ತೀರಿಕೊಂಡರು ಎಂಬ ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ಕಡೆ ನಿಲ್ಲದ, ಕೂರದ ಮನುಷ್ಯ ಹೀಗೆ ಮಲಗಿಬಿಡುವುದೆಂದರೇನು ಎಂದು. ಇದನ್ನು ಬರೆಯಲು ಕುಳಿತ ಮೇಲೂ ಅದೇ ಅವಸ್ಥೆ. ಒಂದು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಮತ್ತೆ ಬರುವುದು. ಅವರ ಚಾಳಿ ನನಗೂ ಅಂಟಿರಬೇಕು. ಅಥವಾ ಅವರ ಬಗ್ಗೆ ಸಮಾಧಾನವಾಗಿ ಕುಳಿತು ಬರೆಯಲು ಯಾರಿಂದಲೂ ಆಗುವುದಿಲ್ಲವೋ ಏನೋ.

ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ತಮ್ಮನ್ನು ಕೇಳದೆ ಹೊರಗೆ ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಸರ್ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ. ಎತ್ತರದ, ತೆಳ್ಳಗಿನ ಆಳು. ಅಂಗಿಯ ತೋಳು ಯಾವಾಗಲೂ ಮಡಚಿದ್ದು, ಅದೂ ಒಂದು ಮೇಲೆ, ಒಂದು ಕೆಳಗೆ. ಹೊಸಪೇಟೆಯ ನಮ್ಮ ಆಫೀಸಿನಲ್ಲಿ ಅವರಿಗೆಂದು ಒಂದು ಒಳ್ಳೆಯ ಕುರ್ಚಿ ಇತ್ತು. ಅದರಲ್ಲಿ ಸದಾ ಅವರ ಹೆಲ್ಮೆಟ್ಟು ಕುಳಿತಿರುತ್ತಿತ್ತು. ಅವರು ನಿಂತೇ ಟೈಪು ಮಾಡುವವರು, ನಿಂತೇ ಚಹಾ ಕುಡಿಯುವವರು. ಫೋನು ಬಂದರೆ ಮಾತಾಡುತ್ತಲೇ ಮೆಟ್ಟಿಲಿಳಿದು ರಸ್ತೆಗೆ ಹೋಗಿ, ಮಾತು ಮುಗಿದಾಗ ಎಲ್ಲಿಗೆ ಬಂದೆನಪ್ಪ ಎಂದು ಅತ್ತಿತ್ತ ನೋಡುವವರು. ಒಗ್ಗರಣೆ ಮಿರ್ಚಿ ತಿನ್ನಲು ಹೋದರೆ ತಟ್ಟೆ ಕೈಯಲ್ಲಿ ಹಿಡಿದು ಅಂಗಡಿಯ ಮುಂದೆಯೇ ಶತಪಥ. ಅಂಗಡಿಯವನು ಒಮ್ಮೆ, "ಸರ, ತಾಟು ನಮ್ದರಿ, ಮನೀಗೆ ಒಯ್ಯಬ್ಯಾಡ್ರಿ," ಎಂದಿದ್ದ. ಅವರ ಹೆಂಡತಿಯಂತೂ ನನ್ನೆದುರಿಗೇ, "ಮದಿವ್ಯಾಗ ಅಕ್ಕಿಕಾಳು ಬೀಳೋತನಕ ಮಣಿ ಮ್ಯಾಲ ಕುಂತಿದ್ರಲ್ಲವ್ವಾ, ಅದ ದೊಡ್ಡದು," ಎಂದು ನಕ್ಕಿದ್ದರು.

ಅವರ ಕೆಲಸ ಏನು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಇಂಟರ್ನೆಟ್ ಕೊಡುವ ಸಣ್ಣ ಕಂಪನಿ. ಹೊಸಪೇಟೆಯ ಮನೆಗಳು, ಹಂಪಿಯ ಕಡೆಯ ಲಾಡ್ಜುಗಳು, ಸಂಡೂರು ಮತ್ತು ಯಶವಂತನಗರದ ಗಣಿ ಆಫೀಸುಗಳು ನಮ್ಮ ಗಿರಾಕಿಗಳು. ಇಂಟರ್ನೆಟ್ ಎಂದರೆ ಎಲ್ಲೋ ಒಬ್ಬ ದೊಡ್ಡ ಯಜಮಾನ ಕುಳಿತು ನಡೆಸುವ ವ್ಯವಹಾರವಲ್ಲ. ನಮ್ಮಂಥ ಅಸಂಖ್ಯ ಕಂಪನಿಗಳು ಪಕ್ಕದ ಕಂಪನಿಗೆ ‘ಇಂಥಲ್ಲಿಗೆ ಹೋಗಬೇಕೆ, ನನ್ನ ಮೂಲಕ ಹೋಗು’ ಎಂದು ದಾರಿ ಹೇಳುತ್ತಿರುತ್ತವೆ. ಪ್ರತಿ ಕಂಪನಿಗೂ ಒಂದು ನಂಬರು. ದಾರಿಯ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದ ಹಾಗೆ ದಾಟಿಸಿದವರ ನಂಬರುಗಳು ಸಾಲಾಗಿ ಅದರ ಮುಂದೆ ಅಂಟಿಕೊಳ್ಳುತ್ತವೆ. ಹೀಗೆ ಬಂದ ಸುದ್ದಿಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎಂದು ನಮ್ಮ ಯಂತ್ರಕ್ಕೆ ಹೇಳುವ ಸಾಲನ್ನು ಬರೆಯುವುದೇ ಸರ್ ಕೆಲಸ. ಹೀಗೆ ಸೋಸುವುದಕ್ಕೆ ಫಿಲ್ಟರ್, ಆ ಸಾಲಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಟೊಪ್ಪಿಗೆಯಂಥ ಒಂದು ಗುರುತು, ಡಾಲರ್ ಗುರುತು, ಚುಕ್ಕಿ, ನಕ್ಷತ್ರ, ನಡುವೆ ನಂಬರುಗಳು. ಮೊದಲ ಸಲ ನೋಡಿದಾಗ ಯಾವುದೋ ಮಗು ಕೀಬೋರ್ಡಿನ ಮೇಲೆ ಕೈಯಾಡಿಸಿ ಹೋಗಿದೆ ಅನಿಸಿತ್ತು.

ನಾನು ಕೆಲಸಕ್ಕೆ ಸೇರಿದ ದಿನ ಸರ್ ಕೇಳಿದ ಮೊದಲ ಪ್ರಶ್ನೆ ಯಾವ ಊರು ಎಂದು. ಚೋರನೂರು ಎಂದೆ. ಎರಡನೆಯ ಪ್ರಶ್ನೆ, "ಯಾರ ಪೈಕಿ?"

ನನಗೆ ಉರಿಯಿತು. ಇಂಜಿನಿಯರಿಂಗ್ ಮುಗಿಸಿ, ಸಂದರ್ಶನ ಗೆದ್ದು ಬಂದವಳನ್ನು ಜಾತಿ ಕೇಳುತ್ತಾರಲ್ಲ ಎಂದು. "ಅದನ್ನ ತಗೊಂಡು ಇಲ್ಲೇನು ಮಾಡ್ತೀರಿ ಸರ್?" ಎಂದುಬಿಟ್ಟೆ.

ಅವರು ಜೋರಾಗಿ ನಕ್ಕು ನನ್ನನ್ನು ಸ್ಕ್ರೀನಿನ ಮುಂದೆ ನಿಲ್ಲಿಸಿದರು. "ನಿನಗಲ್ಲ ತಂಗಿ, ಇವಕ್ಕ ಕೇಳಬೇಕು. ಗೊತ್ತಿಲ್ಲದ ಮನಿಶಾ ನಿಮ್ಮೂರಿಗೆ ಬಂದು ಕಟ್ಟಿ ಮ್ಯಾಲ ಕುಂತ್ರ ಏನು ಕೇಳ್ತಾರ? ಯಾರ ಪೈಕಿ, ಯಾರ ಜೋಡಿ ಬಂದಿ, ಯಾರ ಮನೀಗೆ ಹೊಂಟಿ ಅಂತ ಹೌದಲ್ಲೋ? ಇಲ್ಲೂ ಹಂಗ. ಈ ಸಾಲಿನಾಗ ಮೊದಲನೇ ನಂಬರು ಕರಕೊಂಡು ಬಂದಾವಂದು. ಕಡೀ ನಂಬರು ಮನೀ ಮಾಲಕಂದು. ನಡುವಿನೋರು ದಾರ್ಯಾಗ ಸಿಕ್ಕೋರು. ಟೊಪ್ಪಿಗಿ ಹಾಕಿದ್ರ ಇಲ್ಲಿಂದ ಸುರು ಅಂತ. ಡಾಲರ್ ಹಾಕಿದ್ರ ಇಲ್ಲಿಗೆ ಮುಗೀತು ಅಂತ."

ಆಮೇಲೆ ಟೊಪ್ಪಿಗೆ ಹಾಕಿದರು, ಪಕ್ಕದಲ್ಲೇ ಡಾಲರ್ ಹಾಕಿದರು. ನಡುವೆ ಏನೂ ಇಲ್ಲ. ^$ ಅಷ್ಟೇ. "ಇದು ಯಾವುದು ಹೇಳು," ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾವೇ ಹೇಳಿದರು. "ಯಾರೂ ತಂದು ಕೊಡಲಾರದ್ದು. ನಮ್ಮ ಸ್ವಂತದ್ದು. ಹೊರಗಿನ ದೊಡ್ಡ ಕಂಪನಿಗೆ ನಾವು ಹೇಳೋದಾದ್ರ ನಮ್ಮವು, ನಮ್ಮ ಗಿರಾಕಿಗಳವು, ಇಷ್ಟ ಹೇಳಬೇಕು. ಮಂದಿ ದಾರಿ ನಂದು ಅಂತ ಹೇಳಿಕೊಂಡು ತಿರುಗಿದ್ರ ಮಂದಿ ಎಲ್ಲಾ ನಮ್ಮ ಮನೀಗೇ ಬಂದು ಬೀಳ್ತಾರ." ಮಾತು ಮುಗಿಯುವಷ್ಟರಲ್ಲಿ ಅವರು ಆಗಲೇ ಬಾಗಿಲ ಹತ್ತಿರ ಇದ್ದರು.

ಅವರಿಗೊಂದು ಪದ್ಧತಿ ಇತ್ತು, ಅದಕ್ಕಾಗಿ ನಾವೆಲ್ಲ ಅವರನ್ನು ಬೈದುಕೊಂಡಿದ್ದೇವೆ. ಫಿಲ್ಟರಿನ ಸಾಲು ಬರೆದ ಮೇಲೆ ಎಂಟರ್ ಒತ್ತುವ ಮುಂಚೆ ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ‘ಇಂಥವರಿಂದ ಬಂದ, ಇಂಥವರದೇ ಆದ ದಾರಿ ಒಳಗೆ, ಉಳಿದದ್ದು ಹೊರಗೆ’ ಎಂದು. ಮನಸ್ಸಿನಲ್ಲಿ ಹೇಳಿಕೊಂಡರೆ ನಡೆಯದು, ಪಕ್ಕದವರಿಗೆ ಕೇಳಬೇಕು. ಹೇಳುವಾಗ ನಾಲಿಗೆ ತೊಡರಿದರೆ ಸಾಲು ಅಳಿಸಿ ಮತ್ತೆ ಬರೆ ಎನ್ನುವರು. "ನಿನಗ ಹೇಳಾಕ ಬರಲಾರದ್ದು ಆ ಪೆಟ್ಟಿಗಿಗೆ ಹೆಂಗ ತಿಳೀತೈತಿ?" ರೂಟರನ್ನು ಅವರು ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಒಮ್ಮೆ ನಾನು ಗತ್ತಿನಿಂದ ಒಂದು ಉದ್ದ ಸಾಲು ಬರೆದು, ಬಾಯಿಬಿಟ್ಟು ಹೇಳಲು ಹೋಗಿ, ಅರ್ಧಕ್ಕೆ ಬಂದಾಗ ಅದು ಲೋಕದ ದಾರಿಯನ್ನೆಲ್ಲ ಒಳಗೆ ಬಿಡುತ್ತದೆ ಎಂದು ನನ್ನ ಬಾಯಿಂದಲೇ ಹೊರಬಿದ್ದಿತ್ತು. ಆವತ್ತು ಆಫೀಸಿನವರೆಲ್ಲ ನಕ್ಕರು. ಸರ್ ಮಾತ್ರ ನಗಲಿಲ್ಲ, "ಹೇಳಿದ್ದಕ್ಕ ಸಿಕ್ಕಿತು ನೋಡು," ಎಂದು ಮುಂದೆ ಹೋದರು.

ಇನ್ನೊಂದು ಕಟ್ಟು ಅಂದರೆ ಬೇರೆಯವರ ಪೆಟ್ಟಿಗೆಯನ್ನು ಮುಟ್ಟುತ್ತಿರಲಿಲ್ಲ. ಹಂಪಿಯ ಕಡೆಯ ಲಾಡ್ಜಿನವರು ನಮ್ಮ ರೂಟರ್ ನೀವೇ ಸರಿ ಮಾಡಿ ಹೋಗಿ ಎಂದು ಎಷ್ಟು ಗೋಗರೆದರೂ, ಹಿಂದೆ ನಿಂತು ಅವರ ಕೈಯಿಂದಲೇ ಮಾಡಿಸುವರು. ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ. ಅಷ್ಟೂ ಹೊತ್ತು ಅವರು ಹಿಂದಿನಿಂದ ಅತ್ತಿತ್ತ ತಿರುಗುತ್ತಿದ್ದರೆ ಟೈಪು ಮಾಡುವವರು ತಪ್ಪು ಒತ್ತದೆ ಏನು ಮಾಡುತ್ತಾರೆ? ಇವರ ಜೊತೆ ಹೋಗುವುದೆಂದರೆ ನನಗೆ ತಲೆಬೇನೆ.

ಈಗ ಕಂಪ್ಲಿಯ ತಮ್ಮನ ವಿಷಯಕ್ಕೆ ಬರಬೇಕು. ಅದಕ್ಕೇ ಇಷ್ಟು ಹೊತ್ತು ಅಲ್ಲಿ ಇಲ್ಲಿ ಸುತ್ತಿದೆ.

ಸರ್ ಇನ್ನೂ ಕಾಲೇಜಿನಲ್ಲಿದ್ದಾಗಲೇ ಅವರ ತಂದೆ ತೀರಿಕೊಂಡಿದ್ದರು. ಚಿಕ್ಕ ತಮ್ಮನನ್ನು ಓದಿಸಿ, ಮದುವೆ ಮಾಡಿ, ಕಂಪ್ಲಿಯಲ್ಲಿ ನೆಲೆ ನಿಲ್ಲಿಸಿದ್ದು ಇವರೇ. ತಮ್ಮ ಕೇಬಲ್ ಟಿವಿಯಿಂದ ಶುರು ಮಾಡಿ ಈಗ ಊರಿಗೆ ಇಂಟರ್ನೆಟ್ ಕೊಡುತ್ತಿದ್ದ. ಸ್ವಭಾವದಲ್ಲಿ ಅಣ್ಣನಿಗೆ ಪೂರಾ ತದ್ವಿರುದ್ಧ. ದುಂಡಗಿನ ಮೈ, ಕೂತರೆ ಏಳುವ ಮಾತಿಲ್ಲ. ಅಕ್ಕಿ ಗಿರಣಿಗಳಿರುವ ಬೀದಿಯಲ್ಲಿ ಮಹಡಿ ಮೇಲೆ ಅವನ ಆಫೀಸು. ಅಲ್ಲಿ ಯಾವಾಗ ಹೋದರೂ ಕುರ್ಚಿಗಳು ಭರ್ತಿ, ಬಂದವರಿಗೆಲ್ಲ ಚಹಾ. ಕೆಲಸ ಇದ್ದವರಿಗಿಂತ ಇಲ್ಲದವರೇ ಹೆಚ್ಚು. ಅಣ್ಣನನ್ನು ಕಂಡರೆ ಪ್ರಾಣ. "ನಮ್ಮಣ್ಣ ಕುಂದ್ರಾಂಗಿಲ್ಲ, ಅವನ ಪಾಲಿಂದೂ ನಾನ ಕುಂದ್ರತೀನಿ," ಎಂದು ತನ್ನನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದ.

ಅವನು ಸ್ವಂತ ನಂಬರು ಪಡೆದು ನಮ್ಮಿಂದ ಲೈನು ತೆಗೆದುಕೊಂಡ ದಿನ ಪೇಡೆಯ ಡಬ್ಬಿ ಹಿಡಿದು ಹೊಸಪೇಟೆಗೆ ಬಂದಿದ್ದ. ಎಲ್ಲರಿಗೂ ಹಂಚಿದ. ಸರ್ ಆಗ ಅವನ ಲೈನಿಗೆ ಫಿಲ್ಟರ್ ಬರೆಯುತ್ತಿದ್ದರು. ಪದ್ಧತಿಯಂತೆ ಬಾಯಿಬಿಟ್ಟೂ ಹೇಳಿದರು. "ತಮ್ಮನ ಕಡಿಂದ ತಮ್ಮನ ದಾರಿ ಅಷ್ಟ ಒಳಗ. ಬ್ಯಾರೆ ಯಾರದು ತಂದ್ರೂ ಹೊರಗ."

ತಮ್ಮನ ಕೈಯಲ್ಲಿದ್ದ ಪೇಡೆ ಅಲ್ಲೇ ನಿಂತಿತು. "ಅಂದ್ರ ನನ್ನ ಮ್ಯಾಲ ಕಾವಲೇನು?"

"ಎಲ್ಲಾರ ಮ್ಯಾಲೂ ಐತಿ."

"ನಾನು ಎಲ್ಲಾರಂಗೇನು?"

ಸರ್ ಎಂಟರ್ ಒತ್ತಿದರು. ಒಂದು ನಗು ನಕ್ಕಿದ್ದರೆ, ಬೆನ್ನ ಮೇಲೊಂದು ಕೈ ಇಟ್ಟಿದ್ದರೆ ಮುಗಿಯುತ್ತಿತ್ತು. ಆ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ಡಬ್ಬಿ ನನ್ನ ಟೇಬಲ್ಲಿನ ಮೇಲಿಟ್ಟು ತಮ್ಮ ಇಳಿದು ಹೋದ.

ಅದಾದ ಮೇಲೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ತಮ್ಮ ಆಂಧ್ರದ ಕಡೆಯ ಒಂದು ದೊಡ್ಡ ಕಂಪನಿಯಿಂದ ಎರಡನೆಯ ಲೈನು ತೆಗೆದುಕೊಂಡ. ಅವರು ಇವನನ್ನು ಏನೂ ಕೇಳಲಿಲ್ಲವಂತೆ, ನೀವು ಹೇಳಿದ್ದೇ ಸರಿ ಅಂದರಂತೆ. ಇವನಿಗೂ ಛಲ. ಕೂತವರ ಮುಂದೆಲ್ಲ, "ನಮ್ಮ ಕಡೆ ಫಿಲ್ಟರ್ ಗಿಲ್ಟರ್ ಇಲ್ಲರಿ. ಒಳಗ ಬರೋರಿಗೂ ಇಲ್ಲ, ಹೊರಗ ಹೋಗೋರಿಗೂ ಇಲ್ಲ. ಬಂದೋರನ್ನ ಬಾಗಲಾಗ ನಿಂದ್ರಿಸಿ ಕೇಳೋ ಪದ್ಧತಿ ನಮ್ಮ ಮನ್ಯಾಗಿಲ್ಲ," ಎನ್ನುತ್ತಿದ್ದನಂತೆ. ಆ ಮಾತು ಹೊಸಪೇಟೆಯವರೆಗೂ ಬಂತು. ಯುಗಾದಿಗೆ ಪ್ರತಿ ವರ್ಷ ತಮ್ಮನ ಸಂಸಾರ ಹೋಳಿಗೆಗೆ ಅಣ್ಣನ ಮನೆಗೆ ಬರುವುದು ರೂಢಿ. ಆ ವರ್ಷ ಬರಲಿಲ್ಲ. ಮಾಡಿದ ಹೋಳಿಗೆ ಆಫೀಸಿಗೆ ಬಂತು, ನಾವು ತಿಂದೆವು.

ಅವರ ಹೆಂಡತಿ ಫೋನು ಮಾಡಿ, "ನೀನರ ಹೇಳವ್ವಾ. ಒಂದು ಸಾಲಿನ ಸಲುವಾಗಿ ಒಡಹುಟ್ಟಿದವನ್ನ ಕಳಕೊಳ್ಳಾಕತ್ತಾರ. ರಾತ್ರಿ ತಾಟು ಹಿಡದ್ರ ತುತ್ತು ಇಳೀವಲ್ದು," ಎಂದರು. ನನಗೂ ಹಾಗೇ ಅನಿಸಿತ್ತು. ತೆಗೆದುಬಿಡಿ ಸರ್, ತಮ್ಮನೇ ಅಲ್ಲವೇ, ಒಬ್ಬನ ಮೇಲೆ ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದೆ.

ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಹೋಗಿಬಂದರು. "ಅವನ್ನ ನಂಬಲಾರ್ದ ಹಾಕಿಲ್ಲ ತಂಗಿ. ಅವ ತಪ್ಪಿದ ದಿನ ಅವನ ತಪ್ಪು ನನ್ನ ಬಾಗಲಾಗ ನಿಂದ್ರಲಿ ಅಂತ ಹಾಕೀನಿ. ಅದನ್ನ ಅವನಿಗೆ ಹೇಳಾಕ ನನಗ ಬರವಲ್ದು."

ಇಷ್ಟು ವರ್ಷ ಎಲ್ಲರ ಬಾಯಿಬಿಡಿಸಿದ ಮನುಷ್ಯ! ಹೇಳಲು ಬರುವುದಿಲ್ಲವಂತೆ. ನನಗೆ ಅಳು ಬಂತು, ರೇಗಿಯೂ ಹೋಯಿತು. ಆವತ್ತಿನಿಂದ ಗಮನಿಸಿದೆ. ಬೆಳಿಗ್ಗೆ ಬಂದವರು ಹೆಲ್ಮೆಟ್ಟು ಇಟ್ಟು ಮೊದಲು ನೋಡುತ್ತಿದ್ದದ್ದು ಕಂಪ್ಲಿಯ ಲೈನಿನಲ್ಲಿ ಸಂಚಾರ ಎಷ್ಟಿದೆ ಎಂದು ತೋರಿಸುವ ಗ್ರಾಫನ್ನು. ಹೋಗುವಾಗಲೂ ಅದನ್ನೇ. "ಚಲೋ ನಡದೈತಿ," ಎಂದು ತಮ್ಮಷ್ಟಕ್ಕೇ ಅನ್ನುವರು. ತಮ್ಮ ಮಾತಾಡದಿದ್ದರೂ ತಮ್ಮನ ಲೈನು ಅವರ ಜೊತೆ ಮಾತಾಡುತ್ತಿತ್ತು ಎನ್ನಬೇಕು.

ಒಂದು ಮಧ್ಯಾಹ್ನ ಆ ಗ್ರಾಫು ಒಮ್ಮೆಲೇ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಜೊತೆಗೇ ಸಂಡೂರಿನ ಗಣಿ ಆಫೀಸಿನಿಂದ ಫೋನು, ಅರ್ಧ ವೆಬ್‌ಸೈಟುಗಳು ತೆರೆಯುತ್ತಿಲ್ಲ ಎಂದು. ಸರ್ ಸ್ಕ್ರೀನು ನೋಡಿದರು. ಕಂಪ್ಲಿಯ ಮೇಲಿನ ಫಿಲ್ಟರ್ ಆಂಧ್ರದ ಕಡೆಯ ಸಾಲುಸಾಲು ದಾರಿಗಳನ್ನು ತಿರಸ್ಕರಿಸುತ್ತಿತ್ತು. ಅವರಿಗೆ ಆಗಲೇ ತಿಳಿಯಿತು. ನನಗೂ ತಿಳಿಯಿತು.

ಆಗಿದ್ದು ಇಷ್ಟೇ. ತಮ್ಮ ತನ್ನ ಪೆಟ್ಟಿಗೆಯಲ್ಲಿ ಏನೋ ಬದಲಾಯಿಸಲು ಹೋಗಿ ಎರಡೂ ಲೈನುಗಳನ್ನು ಒಂದಕ್ಕೊಂದು ತೆರೆದುಬಿಟ್ಟಿದ್ದ. ಹೊರಗೆ ಹೋಗುವ ಬಾಗಿಲಿಗೂ ಫಿಲ್ಟರ್ ಇರಲಿಲ್ಲವಲ್ಲ. ಅವನ ಪೆಟ್ಟಿಗೆ ಆಂಧ್ರದವರಿಂದ ಕಲಿತ ದಾರಿಗಳನ್ನು ನಮಗೆ ಹೇಳತೊಡಗಿತು, ನಮ್ಮಿಂದ ಕಲಿತವನ್ನು ಅವರಿಗೆ. ನಮ್ಮ ಕಡೆ ಅಣ್ಣ ಬರೆದ ಸಾಲು ತಡೆಯಿತು. ಆ ಕಡೆ ತಡೆಯುವುದು ಏನೂ ಇರಲಿಲ್ಲ. ಹೊಸಪೇಟೆ, ಸಂಡೂರಿಗೆ ಹೋಗಬೇಕಾದರೆ ಕಂಪ್ಲಿಯ ಮೇಲೆ ಹಾಯಬೇಕು ಎಂದು ಆ ದೊಡ್ಡ ಕಂಪನಿ ನಂಬಿಬಿಟ್ಟಿತು. ಅಷ್ಟೂ ಸಂಚಾರ ಬಂದು ಕಂಪ್ಲಿಯ ಸಣ್ಣ ಲೈನಿಗೆ ನುಗ್ಗಿತು. ಊರಿಗೆ ಊರೇ ನಿಂತಿತು.

ಸರ್ ತಮ್ಮನಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಕಟ್ ಮಾಡಿದ. ಸರ್ ಜೀಪಿನ ಚಾವಿ ತೆಗೆದುಕೊಂಡು, "ನೀನೂ ಬಾ," ಎಂದರು.

ಕಮಲಾಪುರ ದಾಟಿ ಕಾಲುವೆಯ ಪಕ್ಕ ಬಾಳೆ, ಕಬ್ಬಿನ ನಡುವೆ ಹೋಗುವ ಆ ರಸ್ತೆ ಆವತ್ತು ಮುಗಿಯಲೇ ಒಲ್ಲದು. ಬಾಳೆಗೊನೆ ತುಂಬಿದ ಲಾರಿ ಮುಂದೆ ಸಿಕ್ಕಿಕೊಂಡಿತು. ಸರ್ ಹಾರ್ನ್ ಒತ್ತಿ ಒತ್ತಿ ಸುಸ್ತಾದರು. "ನನ್ನ ಮಾತು ಕೇಳ್ತಾನಂತೀಯೇನು?" ಎಂದು ಒಮ್ಮೆ ಕೇಳಿದರು. ನಾನು ಏನು ಹೇಳಲಿ? ಕೇಳದೆ ಎಲ್ಲಿ ಹೋಗ್ತಾರ ಸರ್ ಎಂದೆ. ನನಗೇ ನಂಬಿಕೆ ಇರಲಿಲ್ಲ.

ತಮ್ಮನ ಆಫೀಸಿನ ಮೆಟ್ಟಿಲ ತುಂಬ ಜನ. ಗಿರಣಿಗಳ ಗುಮಾಸ್ತರು, ಝೆರಾಕ್ಸ್ ಅಂಗಡಿಯವರು, ಆನ್‌ಲೈನ್ ಅರ್ಜಿ ಹಾಕಲು ಬಂದು ನಿಂತವರು. ನಮ್ಮನ್ನು ಕಂಡದ್ದೇ ತಮ್ಮ ಕುರ್ಚಿಯಿಂದ ಎದ್ದ. ಅವನು ಎದ್ದು ನಿಂತದ್ದನ್ನು ಕಂಡೇ ಜನ ದಾರಿ ಬಿಟ್ಟರು.

"ಬರ್ರಿ, ಬರ್ರಿ. ನೋಡ್ರಿ ಎಲ್ಲಾರೂ, ನಮ್ಮಣ್ಣ ಬಂದಾನ. ತಮ್ಮನ ಲೈನು ತಾನ ಕಡದು ಹೆಂಗಾಗೈತಿ ನೋಡಾಕ ಬಂದಾನ. ಬ್ಯಾರೆ ಕಡಿಂದ ಲೈನು ತಗೊಂಡಿದ್ದು ತಡಕೊಳ್ಳಾಕ ಆಗಿಲ್ಲ ಇವನಿಗೆ."

ತಪ್ಪು ನಿಮ್ಮದೇ ಎಂದು ಹೇಳಲು ಬಾಯಿ ತೆರೆದೆ. ಸರ್ ನನ್ನ ಕಡೆ ಒಂದು ನೋಟ ನೋಡಿದರು, ಬಾಯಿ ಮುಚ್ಚಿತು. ಅವರು ಜನರ ಕಡೆ ತಿರುಗಿ, "ಯಾರೂ ಕಡದಿಲ್ರಿ. ನಮ್ಮ ಹೊಸಪ್ಯಾಟಿ ಕಡಿಗೆ ಬರೋ ಗದ್ದಲ ಇಲ್ಲಿಗೆ ಬಂದು ನುಗ್ಗೈತಿ, ಲೈನು ತುಂಬೈತಿ. ಕೆಳಗ ಹೋಗಿ ಒಂದೊಂದು ಚಹಾ ಕುಡೀರಿ, ಜಲ್ದಿ ಆಗ್ತೈತಿ," ಎಂದರು. ಸುಳ್ಳಲ್ಲ. ಆದರೆ ಕೇಳಿದವರಿಗೆ ತಪ್ಪು ಹೊಸಪೇಟೆಯದು ಎಂದೇ ಅನಿಸುವ ಹಾಗೆ ಹೇಳಿದ್ದರು. ಜನ ಇಳಿದರು. ಇಳಿಯುತ್ತ ಒಬ್ಬಿಬ್ಬರು ಸರ್‌ಗೆ ಕೇಳುವ ಹಾಗೆ ಬೈದುಕೊಂಡರು ಕೂಡ.

ಮೂವರೇ ಉಳಿದಾಗ ಸರ್ ತಮ್ಮನ ಹಿಂದೆ ಹೋಗಿ ನಿಂತರು. ಕೀಬೋರ್ಡ್ ಮುಟ್ಟಲಿಲ್ಲ. "ಆಂಧ್ರದವರಿಗೆ ನೀ ಏನೇನು ಹೇಳಾಕತ್ತಿ, ಅದನ್ನ ತೋರಸು."

ತಮ್ಮ ಬೇಡದ ಮನಸ್ಸಿನಿಂದ ಟೈಪು ಮಾಡಿದ. ಸ್ಕ್ರೀನು ತುಂಬಿತು, ಉರುಳಿತು, ಮತ್ತೆ ತುಂಬಿತು.

"ಇದರಾಗ ನಿನ್ನವು ಯಾವುವು?"

ತಮ್ಮ ಮೇಲಿನ ಎರಡು ಸಾಲಿಗೆ ಬೆರಳಿಟ್ಟ.

"ಇದು?"

"ಹೊಸಪ್ಯಾಟೀದು."

"ಇದು?"

"ಸಂಡೂರಿಂದು..." ಎಂದ. ಬೆರಳು ಸ್ಕ್ರೀನಿನ ಮೇಲೇ ಇತ್ತು. ದನಿ ಇಳಿದಿತ್ತು. "ಇದನ್ನೆಲ್ಲಾ ನಾನ ಹೇಳೀನೇನು?"

"ನೀ ಹೇಳಿದಿ. ಅವರು ಯಾರ ಪೈಕಿ ಅಂತ ಕೇಳಲಿಲ್ಲ."

ತಮ್ಮ ತಲೆ ಎತ್ತಲಿಲ್ಲ. "ಅಣ್ಣ, ಅಷ್ಟು ಮಂದಿ ಮುಂದ ನಿನ್ನ..."

"ಅದು ಆಮ್ಯಾಲ. ಟೊಪ್ಪಿಗಿ ಹಾಕು. ಡಾಲರ್ ಹಾಕು. ಹೂಂ, ಬಾಯಿಬಿಟ್ಟು ಹೇಳು."

"ನನ್ನವಷ್ಟ ಹೊರಗ ಹೇಳ್ತೀನಿ," ಎಂದ ತಮ್ಮ. "ಬ್ಯಾರೆಯವರದು ಹೇಳಾಂಗಿಲ್ಲ." ಎಂಟರ್ ಒತ್ತಿದ. ಎರಡೂ ಲೈನಿಗೆ ಅದನ್ನೇ ಹಾಕಿದ. ಸ್ವಲ್ಪ ಹೊತ್ತಿಗೆ ಗ್ರಾಫು ಇಳಿಯಿತು, ಕೆಳಗೆ ಯಾರೋ "ಬಂತು, ಬಂತು" ಎಂದು ಕೂಗಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ತಮ್ಮ ಕಣ್ಣು ಒರೆಸಿಕೊಂಡು, "ನಿನ್ನ ಫಿಲ್ಟರ್ ಇರಲಿ ಅಣ್ಣ. ಎಂದೂ ತಗೀಬ್ಯಾಡ," ಎಂದ. ಅಣ್ಣ ತಮ್ಮ ಅಪ್ಪಿಕೊಳ್ಳುತ್ತಾರೆ, ನಾನೂ ಕೆಳಗೆ ಹೋಗಿ ಒಂದು ಚಹಾ ಕುಡಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಸರ್ ಆ ಸಣ್ಣ ಕೋಣೆಯಲ್ಲೇ ಸುತ್ತು ಹಾಕುತ್ತಿದ್ದರು. ನಿಂತು, "ಈಗ ನನ್ನ ಮ್ಯಾಲ ಒಂದು ಹಾಕು," ಎಂದರು.

ತಮ್ಮನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಲೈನು ಕೊಡುವವರು ತೆಗೆದುಕೊಳ್ಳುವವರನ್ನು ಸೋಸುವುದು ಗೊತ್ತು. ನನ್ನನ್ನೂ ಸೋಸು ಎಂದು ಯಾರಾದರೂ ಕೇಳಿಕೊಂಡದ್ದನ್ನು ನಾನು ನೋಡಿರಲಿಲ್ಲ.

"ನನ್ನ ಕಡಿಂದ ನಿನಗ ಬರಬೇಕಾದ್ದು ನಮ್ಮ ದಾರಿ, ನಮಗ ನೇರ ಅಂಟಿಕೊಂಡ ಗಿರಾಕಿಗಳ ದಾರಿ. ಅದಕ್ಕಿಂತ ದೂರದ್ದು ಬಂದ್ರ ಒಳಗ ಬಿಡಬ್ಯಾಡ. ಉಳಿದ ಲೋಕಕ್ಕ ‘ಎಲ್ಲಾ ನನ್ನ ಕಡಿ ಕಳಸು’ ಅನ್ನೋ ನಮ್ಮ ಒಂದ ದಾರಿ ಸಾಕು. ನಾ ಒಂದಿನ ಕೈ ತಪ್ಪಿ ಲೋಕದ ದಾರಿ ಎಲ್ಲಾ ನಿನ್ನ ಮ್ಯಾಲ ಸುರುವಿದ್ರ ಈ ಸಣ್ಣ ಪೆಟ್ಟಿಗಿ ಅಲ್ಲೇ ಸಾಯ್ತೈತಿ."

ತಮ್ಮ ಕೀಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದುಕೊಂಡ. "ಅಣ್ಣನ ಮ್ಯಾಲ ಹೆಂಗ ಹಾಕ್ಲಿ? ನನ್ನ ಬೆಳಸಿದಾವ ನೀನು. ನಾ ಹಾಕಾಂಗಿಲ್ಲ."

"ಬೆಳಸಿದ ಕೈನೂ ತಪ್ತಾವಲೇ."

"ನಿನ್ನವು ತಪ್ಪಾಂಗಿಲ್ಲ."

"ತಪ್ತಾವ! ಪೇಡಾ ತಂದ ದಿನ ನಿನಗ ಒಂದು ಮಾತು ತಿಳಿಸಿ ಹೇಳಲಿಲ್ಲ ನಾನು. ಅದು ತಪ್ಪಲ್ಲೇನು?" ಎಂದರು. ಸರಸರ ಮೆಟ್ಟಿಲಿಳಿದು ಬೀದಿಗೆ ಹೋಗಿಬಿಟ್ಟರು.

ತಮ್ಮ ನನ್ನ ಮುಖ ನೋಡಿದ. ಹಾಕ್ರಿ ಎಂದೆ. ಗುರುತುಗಳನ್ನು ನಾನು ಹೇಳಿದೆ, ಅವನು ಒಂದೊಂದಾಗಿ ಹೊಡೆದ. ಕೆಳಗಿನಿಂದ ಸರ್ ದನಿ ಬಂತು. "ಹೇಳಿದೇನು? ನನಗ ಕೇಳಲಿಲ್ಲ!"

ತಮ್ಮ ಕಿಟಕಿಗೆ ಹೋಗಿ ಬೀದಿಯ ಕಡೆ ಬಾಗಿ ಕೂಗಿದ. "ಅಣ್ಣನವು ಒಳಗ! ಅಣ್ಣನ ಗಿರಾಕಿಗಳವು ಒಳಗ! ಅದರ ಆಚೀದು ಅಣ್ಣ ಏನ ತಂದ್ರೂ ನಾ ಒಳಗ ಬಿಡಾಂಗಿಲ್ಲ!"

ಕೆಳಗೆ ಚಹಾ ಕುಡಿಯುತ್ತಿದ್ದವರೆಲ್ಲ ಕಣ್ಣು ಬಿಟ್ಟು ಮೇಲೆ ನೋಡಿದರು. ಜಗಳ ಇನ್ನೂ ಮುಗಿದಿಲ್ಲ ಎಂದುಕೊಂಡಿರಬೇಕು. ಗಿರಣಿಯ ಹಿರಿಯ ಗುಮಾಸ್ತರೊಬ್ಬರು, "ಹಿರೇರಿಗೆ ಹಂಗ ಅನಬಾರದಪಾ," ಎಂದು ತಮ್ಮನಿಗೆ ಬುದ್ಧಿ ಹೇಳಲು ಬಂದರು. ಸರ್ ಬೀದಿಯ ನಡುವೆ ನಿಂತು, ಇಷ್ಟು ಅಗಲ ಬಾಯಿ ಮಾಡಿ, "ಬರೋಬ್ಬರಿ ಐತಿ! ಒತ್ತು!" ಎಂದರು.

ಮುಂದಿನ ಯುಗಾದಿಗೆ ಆಫೀಸಿಗೆ ಹೋಳಿಗೆ ಬರಲಿಲ್ಲ. ನನಗೆ ಅಷ್ಟು ಖುಷಿ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಅವರು ಹೋದದ್ದು ಹೇಗೆ ಎಂದು ಬರೆಯುವ ಮನಸ್ಸಿಲ್ಲ. ಎದೆನೋವು, ಆಸ್ಪತ್ರೆ, ಅಷ್ಟೇ. ಸಂಡೂರಿನ ಗುಡ್ಡದ ಮೇಲಿನ ಟವರ್ ನೋಡಿ ಬಂದ ದಿನವೇ, ಅಂಗಿಯ ಮೇಲೆ ಆ ಕೆಂಪು ಧೂಳು ಇನ್ನೂ ಹಾಗೇ ಇತ್ತು. ಮಣ್ಣಿಗೆ ಹೋದಾಗ ತಮ್ಮ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸುವುದು, ನೀರು ಕೊಡಿಸುವುದು ಮಾಡುತ್ತಿದ್ದ. ಒಮ್ಮೆಯೂ ಕೂರಲಿಲ್ಲ. ಊರವರಿಗೆ ಅದು ಸರಿ ಕಾಣಲಿಲ್ಲ.

ಸರ್ ಇಲ್ಲದ ಮೇಲೂ ಎಲ್ಲ ಮೊದಲಿನ ಹಾಗೇ ನಡೆಯಿತು. ಅವರು ಬರೆದಿಟ್ಟ ಸಾಲುಗಳನ್ನು ಯಾರೂ ಮುಟ್ಟಲಿಲ್ಲ. ಹಳೆಯ ಪೆಟ್ಟಿಗೆ ಸವೆದದ್ದರಿಂದ ಮೊನ್ನೆ ಹೊಸದು ತರಿಸಿದೆವು. ಕೂಡಿಸಲು ಬಂದವರು ಹೊರಗಿನವರು, ಅವಸರದವರು. ಹಳೆಯದರಲ್ಲಿ ಇದ್ದದ್ದನ್ನು ಹೊಸದಕ್ಕೆ ಸಾಗಿಸುವಾಗ ಗಿರಾಕಿಗಳ ಕಡೆಗೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಸಾಲುಗಳನ್ನು ಬಿಟ್ಟುಬಿಟ್ಟರು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಲೋಕದ ದಾರಿಯೆಲ್ಲ ನಮ್ಮ ಗಿರಾಕಿಗಳ ಮೇಲೆ ಹೋಗಿ ಬಿತ್ತು. ಒಂದೆರಡು ಕಡೆ ಸಣ್ಣ ರೂಟರುಗಳು ನಿಂತೇ ಹೋದವು. ಓಡಾಡಿ, ಕೂಗಾಡಿ, ಸರಿ ಮಾಡಿ, ಬೈಸಿಕೊಂಡದ್ದೆಲ್ಲ ಮುಗಿದಾಗ ಸಂಜೆಯಾಗಿತ್ತು. ಆಗ ಕಂಪ್ಲಿಯಿಂದ ಫೋನು ಬಂತು.

"ತಂಗಿ, ಇವತ್ತು ನಿಮ್ಮ ಕಡಿಂದ ಏನೋ ಬಂತಲ್ಲ?"

"ಹೌದ್ರಿ, ನಮ್ಮದ ತಪ್ಪಾತು. ನಿಮ್ಮ ಲೈನಿಗೆ ಭಾಳ ತ್ರಾಸಾತೇನ್ರಿ?"

"ಇಲ್ಲವ್ವಾ, ಏನೂ ಆಗಿಲ್ಲ. ಅವತ್ತು ಹಾಕಿದ ಸಾಲು ತಡದೈತಿ."

ಅವನು ಫೋನು ಇಡಲಿಲ್ಲ.

"ಅವತ್ತಿಂದ ದಿನಾ ನೋಡ್ತಿದ್ನಿ ತಂಗಿ," ಎಂದ. "ಅಣ್ಣನ ಕಡಿಂದ ಬಂದಿದ್ದು ಎಷ್ಟು ತಡದೈತಿ ಅಂತ. ದಿನಾ ಸೊನ್ನಿ. ಒಂದ ಒಂದು ಸಲನೂ ಅವನ ಕೈ ತಪ್ಪಲಿಲ್ಲ. ಮಣ್ಣು ಕೊಟ್ಟು ಬಂದ ಮರುದಿನಾನೂ ಆಫೀಸಿಗೆ ಬಂದು ನೋಡಿದ್ನಿ, ಸೊನ್ನಿನ ಇತ್ತು. ಅಣ್ಣ ಎಲ್ಲಿ ಹೋಗ್ಯಾನ, ಅಲ್ಲೇ ತಿರಗಾಡಾಕತ್ತಾನ ಅಂದ್ಕೊಂಡ್ನಿ. ನಿನ್ನೀ ತನಕಾನೂ ಹಂಗ ಅಂದ್ಕೊಂಡಿದ್ನಿ."

ಆಮೇಲೆ ಆ ದೊಡ್ಡ ಮನುಷ್ಯ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ.

"ಇವತ್ತು ಖರೇ ಆತು ತಂಗಿ. ನಮ್ಮಣ್ಣ ಸತ್ತಾನ."